ಮಾಸ್ಟರ ಬೆನ್ನಿಗೆ ಹೊಡೆದ ಡ್ರಮ್ಮು

ದೊಡ್ಡ ಡ್ರಮ್ಮನ್ನು ಎದೆಗೆ ಕಟ್ಟಿಕೊಂಡು ನಡೆಯುವವನಿಗೆ ಕಾಣುವುದು ಕಡಿಮೆ. ನೆಲ ಕಾಣುವುದಿಲ್ಲ, ತನ್ನ ಪಾದ ಕಾಣುವುದಿಲ್ಲ. ಗುಂಡಿ ಬಂದರೆ ಮುಂದಿನವನ ತಲೆ ತಗ್ಗಿದ್ದರಿಂದ ತಿಳಿಯಬೇಕು, ದಿಬ್ಬ ಬಂದರೆ ಅದೇ ತಲೆ ಎದ್ದದ್ದರಿಂದ. ಯಶವಂತಪುರದ ಆ ಬ್ಯಾಂಡ್ ಸೆಟ್ಟಿನಲ್ಲಿ ಹೆಚ್ಚಿನ ಕಾಲ ನನಗೆ ಕಂಡದ್ದು ನಮ್ಮ ಮಾಸ್ಟರ ಟೋಪಿ, ಕುತ್ತಿಗೆ, ಕೆಂಪು ಕೋಟಿನ ಬೆನ್ನು, ಅದರಾಚೆ ಒಂದಿಷ್ಟು ಆಕಾಶ. ಹಾಗಾಗಿ ಮುಂದೆ ಹೇಳುವುದರಲ್ಲಿ ನಾನೇ ನೋಡಿದ್ದು ಯಾವುದು, ಆಮೇಲೆ ಬೇರೆಯವರು ಹೇಳಿ ಗೊತ್ತಾದದ್ದು ಯಾವುದು ಎಂಬುದನ್ನು ಬೆರೆಸದೆ ಹೇಳಲು ನೋಡುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಹಗಲು ಲೇತ್ ವರ್ಕ್‌ಶಾಪಿನಲ್ಲಿ ಮೊದಲ ಪಾಳಿ ಮುಗಿಸಿ, ಮದುವೆಯ ತಿಂಗಳುಗಳಲ್ಲಿ ಸಂಜೆ ಹೊತ್ತು ಬ್ಯಾಂಡಿಗೆ ಹೋಗುತ್ತಿದ್ದೆ. ನಾನು ಗದಗಿನ ಕಡೆಯವನು. ಸೆಟ್ಟಿನವರಿಗೆ ತುಮಕೂರು ದಾಟಿದ ಮೇಲೆ ಇರುವುದೆಲ್ಲ ಒಂದೇ ಊರು, ಹುಬ್ಬಳ್ಳಿ. ಆದ್ದರಿಂದ ನನ್ನ ಹೆಸರೂ ಹುಬ್ಬಳ್ಳಿ.

ಮಾಸ್ಟರು ಮಿಲಿಟರಿ ಬ್ಯಾಂಡಿನಿಂದ ರಿಟೈರಾಗಿ ಬಂದವರು. ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದಾಗ ಪರೇಡಿನ ಹಿಂದಿ. ಟ್ರಂಪೆಟ್ ಅವರ ವಾದ್ಯ. ಸೆಟ್ಟು ಅವರದ್ದಲ್ಲ; ಮಾಲೀಕನಿಗೆ ಮಾರ್ಕೆಟ್ಟಿನ ಬೀದಿಯಲ್ಲಿ ಸೈಕಲ್ ಅಂಗಡಿಯಿತ್ತು, ಅದರ ಹಿಂದಿನ ಕೋಣೆಯಲ್ಲಿ ಕೋಟು, ಟೋಪಿ, ವಾದ್ಯ ಇಡುತ್ತಿದ್ದರು. ಆದರೆ ಜನ ಬ್ಯಾಂಡು ಕರೆಯುತ್ತಿದ್ದದ್ದು ಮುಂದೆ ನಡೆಯುವವನನ್ನು ನೋಡಿ. ಬಿಳಿ ಮೀಸೆ, ನೆಟ್ಟಗಿನ ಬೆನ್ನು, ಬಲಗೈಯೊಂದರಲ್ಲೇ ಟ್ರಂಪೆಟ್ ಎತ್ತಿ ಹಿಡಿದು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಡೆಯುವ ಆ ಠೀವಿ ನೋಡಿಯೇ ಹೆಬ್ಬಾಳದಿಂದ ಯಲಹಂಕದವರೆಗೆ ನಮ್ಮನ್ನು ಕರೆಯುತ್ತಿದ್ದರು. ಆ ಮುಂದಿನ ಜಾಗ ಬಿಟ್ಟರೆ ಮಾಸ್ಟರಿಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಎಲ್ಲ ಸೆಟ್ಟುಗಳಲ್ಲೂ ದೊಡ್ಡ ಡ್ರಮ್ಮು ಕೊನೆಯ ಸಾಲಿನಲ್ಲಿರುತ್ತದೆ. ನಮ್ಮದರಲ್ಲಿ ಮಾತ್ರ ಮಾಸ್ಟರ ಬೆನ್ನ ಹಿಂದೆಯೇ ನಾನು, ಕ್ಲಾರಿನೆಟ್ಟು ಮಿಕ್ಕವೆಲ್ಲ ನನ್ನ ಹಿಂದೆ. ಎದೆಗೆ ಕಟ್ಟಿದ ಡ್ರಮ್ಮಿನ ಎರಡು ಚರ್ಮಗಳು ಎಡಕ್ಕೂ ಬಲಕ್ಕೂ ಮುಖ ಮಾಡಿರಬೇಕು. ಮಾಸ್ಟರು ಹೆಗಲ ಪಟ್ಟಿಯ ಒಂದು ಕಡೆ ಗಿಡ್ಡ ಮಾಡಿಸಿ, ಬಲಗಡೆಯ ಚರ್ಮ ಓರೆಯಾಗಿ ಮುಂದಕ್ಕೆ, ತಮ್ಮ ಬೆನ್ನಿನ ಕಡೆಗೆ ತಿರುಗುವ ಹಾಗೆ ಕಟ್ಟಿಸಿದ್ದರು. ಹಾಗೆ ಹೊತ್ತರೆ ಸೊಂಟ ನೋಯುತ್ತಿತ್ತು. ಬೇರೆ ಸೆಟ್ಟಿನವರು ನೋಡಿ ನಗುತ್ತಿದ್ದರು. ನಾನು ಕೇಳಿದ್ದಕ್ಕೆ ಮಾಸ್ಟರು, "ಬೀಟು ನನ್ನ ಬೆನ್ನಿಗೆ ಬೀಳ್ಬೇಕು ಬೇಟಾ. ಮಿಲಿಟರಿ ಸ್ಟೈಲು" ಎಂದರು. ನಾನು ನಂಬಿದೆ.

ಇನ್ನೊಂದು ಅಭ್ಯಾಸವೂ ಅವರದ್ದೇ. ಹಾಡು ಮುಗಿಸಬೇಕೆಂದಾಗ ಬೆನ್ನ ಹಿಂದಿನ ಎಡಗೈಯನ್ನು ಮುಷ್ಟಿ ಮಾಡುತ್ತಿದ್ದರು. ನಾನು ಲಯಕ್ಕೆ ಹೊರತಾಗಿ ಎರಡು ಜೋಡಿ ಪೆಟ್ಟು ಹಾಕಬೇಕು. ಅದನ್ನು ಕೇಳಿ ಹಿಂದಿನವರೆಲ್ಲ ಆ ಸಾಲು ಮುಗಿಸಿ ನಿಲ್ಲಿಸುತ್ತಾರೆ. ನಿಲ್ಲುವುದು ಹಾಡು, ಕಾಲಲ್ಲ. ಎರಡು ಜೋಡಿ ಬಿದ್ದ ಮೇಲೂ ಮಾಸ್ಟರು ತುಟಿ ಒರೆಸಿಕೊಳ್ಳುತ್ತ ಅದೇ ಹೆಜ್ಜೆಯಲ್ಲಿ ಮುಂದೆ ಹೋಗುತ್ತಲೇ ಇರುತ್ತಿದ್ದರು. ಅದೇ ಎಡಗೈಯ ಬೆರಳುಗಳು ಮೇಲಕ್ಕೆ ಕುಣಿದರೆ, ಇನ್ನೂ ಗಟ್ಟಿ ಎಂದು ಅರ್ಥ. ಬೆರಳುಗಳು ಬಹಳ ಸಲ ಕುಣಿಯುತ್ತಿದ್ದವು. ನನ್ನ ಕೈಬಲವನ್ನು ಮೆಚ್ಚಿಯೇ ಕೇಳುತ್ತಿದ್ದಾರೆ ಎಂದುಕೊಂಡು ಹೊಡೆಯುತ್ತಿದ್ದೆ. ಮಾಲೀಕನೂ ಹಾಗೇ ಹೇಳುತ್ತಿದ್ದ: "ಹೆಬ್ಬಾಳದಲ್ಲಿ ಹೊಡೆದ್ರೆ ಆರ್.ಟಿ. ನಗರದಲ್ಲಿ ಪಾತ್ರೆ ಬೀಳ್ಬೇಕು ಕಣಯ್ಯ."

ಪಾತ್ರೆ ಬೀಳಿಸಿದ್ದೂ ಉಂಟು. ಚಳಿಗಾಲದ ಮದುವೆಗಳಲ್ಲಿ ಸಂಜೆಯ ಥಂಡಿಗೆ ಚರ್ಮ ಸಡಿಲವಾಗಿ ಡ್ರಮ್ಮು ಒದ್ದೆ ಗೋಣಿಯ ಹಾಗೆ ದಬ್ ಎನ್ನುತ್ತಿತ್ತು. ಬೆಂಕಿಗೆ ಹಿಡಿದು ಬಿಗಿ ಬರಿಸಬೇಕು. ಒಮ್ಮೆ ಛತ್ರದ ಅಡಿಗೆಮನೆಯ ಹಿಂದೆ ಒಲೆಯ ಪಕ್ಕ ನಿಲ್ಲಿಸಿದ್ದೆ. ಅಡಿಗೆ ಭಟ್ಟರು ಸೌಟು ಹಿಡಿದುಕೊಂಡೇ ಬಂದರು. "ಏನಯ್ಯಾ ಇದು, ನಮ್ಮ ಸಾರಿನ ಪಕ್ಕ ಚರ್ಮ ಬೇಯಿಸ್ತಿದ್ದೀಯಾ?"

"ಬೇಯಿಸ್ತಿಲ್ರೀ, ಬರೇ ಕಾಸಾಕತ್ತೀನ್ರೀ."

"ಕಾದಿದ್ಯೋ ಇಲ್ವೋ ಹೆಂಗೆ ಗೊತ್ತಾಗುತ್ತೆ?"

ಗೊತ್ತಾಗುವುದು ಹೊಡೆದು ನೋಡಿದರೆ. ಹೊಡೆದೆ. ಕಟ್ಟೆಯ ಮೇಲೆ ಒಂದರ ಮೇಲೊಂದು ಇಟ್ಟಿದ್ದ ಸ್ಟೀಲಿನ ತಟ್ಟೆಗಳು ಸರಿದು, ಜಾರಿ, ಒಂದಾದ ಮೇಲೊಂದು ಅಂಗಳದಲ್ಲಿ ಉರುಳಿದವು. ಭಟ್ಟರು ಕಿವಿಗೆ ಸೌಟು ಒತ್ತಿಕೊಂಡು ನಿಂತುಬಿಟ್ಟರು. ನಮ್ಮ ಜಾಲ್ರಾದವನು, ಅಂದರೆ ಎರಡು ದೊಡ್ಡ ಕಂಚಿನ ತಾಳಗಳನ್ನು ಬಡಿಯುವವನು, ಇದನ್ನು ಎಷ್ಟು ಮದುವೆಗಳಲ್ಲಿ ಅಭಿನಯಿಸಿ ತೋರಿಸಿದನೋ. ನಾನೂ ನಗುತ್ತಿದ್ದೆ. ಕಿವಿ ಮುಚ್ಚಿಕೊಳ್ಳಲು ಭಟ್ಟರಿಗೆ ಒಂದು ಸೌಟಾದರೂ ಇತ್ತು ಎಂದು ಆಗ ನನಗೆ ಹೊಳೆಯಲಿಲ್ಲ.

ಮತ್ತೊಂದು ಸಲ ಹೆಬ್ಬಾಳದ ಇಳಿಜಾರಿನಲ್ಲಿ ಪಟ್ಟಿಯ ಕೊಂಡಿ ಕಿತ್ತುಹೋಯಿತು. ಡ್ರಮ್ಮು ನೆಲಕ್ಕೆ ಬಿದ್ದು, ಒಂದು ಕ್ಷಣ ಯೋಚನೆ ಮಾಡಿದ ಹಾಗೆ ನಿಂತು, ಪಕ್ಕಕ್ಕೆ ಉರುಳಲು ಶುರುಮಾಡಿತು. ನಾನು ಅದರ ಹಿಂದೆ ಓಡಿದೆ. ಅದು ದಾರಿಯಂಚಿನ ಎಳನೀರಿನ ರಾಶಿಗೆ ಹೋಗಿ ಕೂತಿತು. "ಒಡೆದದ್ದಕ್ಕೆಲ್ಲ ಸ್ಟ್ರಾ ಹಾಕ್ಕೊಡ್ತೀನಿ, ನಿಮ್ ಬ್ಯಾಂಡೇ ಕುಡೀಬೇಕು" ಎಂದು ಎಳನೀರಿನವನು ಹಟ ಹಿಡಿದ. ನಾವು ಕುಡಿದೆವು. ಆ ಗಲಾಟೆಯಲ್ಲಿ ಒಂದು ವಿಷಯ ಮಾತ್ರ ನನ್ನ ಮನಸ್ಸಿನಲ್ಲಿ ಉಳಿಯಿತು. ಹಿಂದಿನವರು ಯಾರೂ ನುಡಿಸುವುದನ್ನು ನಿಲ್ಲಿಸಿರಲಿಲ್ಲ, ನಗುತ್ತಲೇ ಊದುತ್ತಿದ್ದರು. ಆದರೆ ನನ್ನ ಪೆಟ್ಟು ತಪ್ಪಿದ ಕೂಡಲೇ ಮಾಸ್ಟರು ಗೋಡೆಗೆ ಹಾಯ್ದವರ ಹಾಗೆ ನಿಂತು, ಗಿರ್ರನೆ ತಿರುಗಿದ್ದರು.

ಇದರ ಎದುರಿಗೆ ಯಲಹಂಕದ ಒಂದು ದಿಬ್ಬಣವನ್ನು ಇಡಬೇಕು. ಗಂಡಿನ ಗೆಳೆಯರು ತರಲೆಗಳು. ಉಪ್ಪು ಖಾರ ಸವರಿದ ಮಾವಿನಕಾಯಿ ಹೋಳು ಹಿಡಿದು, ಸಾಲಿನ ಎರಡೂ ಕಡೆ ನಡೆಯುತ್ತ, ಊದುವವರ ಮುಖದೆದುರು ಚಪ್ಪರಿಸಿ ತಿನ್ನತೊಡಗಿದರು. ಊದುವವನ ಬಾಯಲ್ಲಿ ನೀರೂರಿದರೆ ಮುಗಿಯಿತು. ಮೊದಲು ಕ್ಲಾರಿನೆಟ್ಟು ಕೀಚಲು ಕೂಗಿ ನಿಂತಿತು. ಆಮೇಲೆ ಎರಡನೆಯ ಟ್ರಂಪೆಟ್ಟು, ಆಮೇಲೆ ಯುಫೋನಿಯಂ ಎಂಬ ದಪ್ಪ ಕಹಳೆ. ಸೈಡ್ ಡ್ರಮ್ಮಿನವನೂ ಜಾಲ್ರಾದವನೂ ನಗು ತಡೆಯಲಾಗದೆ ಕೈಬಿಟ್ಟರಂತೆ. ಮಾಸ್ಟರು ಮಾತ್ರ, ಕಣ್ಣು ಅರೆಮುಚ್ಚಿಕೊಂಡಿದ್ದರಂತೆ, ಊದುತ್ತ ಮುಂದೆ ಮುಂದೆ ಹೋದರು. ಅವರು ಹೋಗುತ್ತಿದ್ದುದರಿಂದ ನಾನೂ ಹೊಡೆಯುತ್ತ ಹೋದೆ. ಛತ್ರದ ಬಾಗಿಲಿಗೆ ನಾವಿಬ್ಬರೇ ತಲುಪಿದೆವು. ಆರತಿ ಹಿಡಿದು ನಿಂತಿದ್ದ ಹೆಂಗಸರು ನಮ್ಮಿಬ್ಬರನ್ನು ನೋಡಿ ಗಂಡು ಎಲ್ಲಿ ಎಂದು ಕೇಳಿದರು. ಮಾಸ್ಟರು ತಿರುಗಿ ನೋಡಿದಾಗ ಅವರ ಮುಖದಲ್ಲಿ ಆದ ಗಾಬರಿಯನ್ನು ನಾನು ಅಭಿನಯವೆಂದುಕೊಂಡೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ನನಗೆ ಅನುಮಾನ ಬಂದದ್ದು ಜಕ್ಕೂರಿನಲ್ಲಿ. ಹೊಲದ ಪಕ್ಕ ಚಪ್ಪರ ಹಾಕಿದ್ದರು. ನಾವು ಎರಡು ಹಾಡುಗಳ ನಡುವೆ ನೀರು ಕುಡಿಯಲು ನಿಂತಿದ್ದಾಗ, ಫ್ಲೈಯಿಂಗ್ ಕ್ಲಬ್ಬಿನ ಸಣ್ಣ ವಿಮಾನವೊಂದು ಚಪ್ಪರಕ್ಕೆ ತಾಗಿತೋ ಎನ್ನುವಷ್ಟು ಕೆಳಗೆ ಹಾರಿಹೋಯಿತು. ಗಂಡು, ಹೆಣ್ಣು, ಪುರೋಹಿತರು, ನಾವು, ಕೊನೆಗೆ ಗಂಡಿನ ಕುದುರೆ ಕೂಡ ತಲೆ ಎತ್ತಿತು. ಮಾಸ್ಟರು ಟ್ರಂಪೆಟ್ಟಿನ ಬಾಯಿ ಒರೆಸುತ್ತ ಕೂತಿದ್ದರು. ನಾವೆಲ್ಲ ಮೇಲೆ ನೋಡುತ್ತಿರುವುದನ್ನು ಕಂಡು ಆಮೇಲೆ ತಾವೂ ಮೇಲೆ ನೋಡಿದರು. ಅಷ್ಟರಲ್ಲಿ ಆಕಾಶ ಖಾಲಿಯಾಗಿತ್ತು.

ಜಾಲ್ರಾದವನು ನನ್ನ ಪಕ್ಕ ಬಂದು ಕೂತ. "ನೋಡಿದ್ಯಾ ಮಗಾ?"

"ಏನು?"

"ನಾಟಕ ಆಡ್ಬೇಡ. ಮಾಸ್ಟ್ರಿಗೆ ಕಿವಿ ಹೋಗಿದೆ ಕಣೋ. ನನಗೆ ಯಾವತ್ತಿಂದ್ಲೋ ಡೌಟು."

"ಮತ್ತ ಇಷ್ಟ್ ಛಂದ ಹೆಂಗ ನುಡಸ್ತಾರ?"

"ಹಾಡು ತಲೇಲಿದೆ, ತಾಳ ಬೆನ್ನಲ್ಲಿದೆ. ಅದಕ್ಕೇ ನಿನ್ನನ್ನ ಬೆನ್ನಿಗೆ ಕಟ್ಕೊಂಡವ್ರೆ. ಮಾಲೀಕನಿಗೆ ಗೊತ್ತಾದ್ರೆ ನಾಳೆಯಿಂದ ಮುಂದಿನ ಜಾಗ ಕ್ಲಾರಿನೆಟ್ಟಿಗೆ."

ಕ್ಲಾರಿನೆಟ್ಟಿನವನೂ ಅಲ್ಲೇ ಇದ್ದ. ಮುಂದಿನ ಜಾಗದ ಆಸೆ ಅವನಿಗೂ ಇದ್ದಿರಬಹುದು. ಆದರೆ ಅವನಿಗೆ ಊದಲು ಕಲಿಸಿದವರು ಮಾಸ್ಟರು. "ಈ ವೈಶಾಖ ಮುಗೀಲಿ. ಆಮೇಲೆ ನೋಡೋಣ" ಎಂದ. ಹಾಗೆಂದು ಮೂವರೂ ಒಪ್ಪಿಕೊಂಡೆವು. ಮಾಸ್ಟರ ಜೊತೆ ಮಾತ್ರ ಈ ಮಾತು ಎತ್ತಲಿಲ್ಲ. ಅವರು ನಮ್ಮಿಂದ ಮುಚ್ಚಿಟ್ಟರು, ನಮಗೆ ಗೊತ್ತಿದೆ ಎಂಬುದನ್ನು ನಾವು ಅವರಿಂದ ಮುಚ್ಚಿಟ್ಟೆವು.

ಆ ತಿಂಗಳುಗಳಷ್ಟು ಎಚ್ಚರದಿಂದ ನಾನು ಯಾವತ್ತೂ ಕೆಲಸ ಮಾಡಿಲ್ಲ. ಹಾಡು ಯಾವುದೆಂದು ತೀರ್ಮಾನವಾದ ಕೂಡಲೇ ಕ್ಲಾರಿನೆಟ್ಟಿನವನು ಮಾಸ್ಟರಿಗೆ ಕಾಣುವ ಹಾಗೆ ಅದರ ಮೊದಲ ಸಾಲಿನ ಬೆರಳು ಓಡಿಸಿ ತೋರಿಸುತ್ತಿದ್ದ. ಅವರು ತಲೆಯಾಡಿಸುತ್ತಿದ್ದರು. ಬೀದಿ ತಿರುವಿನಲ್ಲಿ ಜಾಲ್ರಾದವನು ಸಾಲು ಬಿಟ್ಟು ಪಕ್ಕಕ್ಕೆ ಬಂದು, ತಾಳ ಎತ್ತುವ ನೆಪದಲ್ಲಿ ಹಿಂದೆ ಬರುವ ಬಸ್ಸನ್ನು ತೋರಿಸುತ್ತಿದ್ದ. ಸಾವಿನ ಮನೆಯ ಮುಂದೆ ಬ್ಯಾಂಡು ನಿಲ್ಲಿಸಿ ಸುಮ್ಮನೆ ದಾಟುವುದು ಪದ್ಧತಿ. ಅಂಥ ಕಡೆ ಯಾರಾದರೂ ಓಡಿಬಂದು ಹೇಳಿದರೆ, ಮಾಸ್ಟರ ಮುಷ್ಟಿಗೆ ಕಾಯದೆ ನಾನೇ ಎರಡು ಜೋಡಿ ಹಾಕುತ್ತಿದ್ದೆ. ಅವರು ಸಾಲು ಮುಗಿಸಿ, ತಾವೇ ನಿಲ್ಲಿಸಿದ ಹಾಗೆ ತುಟಿ ಒರೆಸಿಕೊಳ್ಳುತ್ತಿದ್ದರು. ಎಲ್ಲದಕ್ಕೂ ಮೇಲೆ ನಾನು ಗಟ್ಟಿಯಾಗಿ ಹೊಡೆಯಬೇಕಿತ್ತು. ಬೆರಳು ಕುಣಿಯುವ ಮುಂಚೆಯೇ ಹೊಡೆಯುತ್ತಿದ್ದೆ. ಸಂಜೆ ಮುಗಿದ ಮೇಲೆ ನನ್ನ ಕಿವಿಯಲ್ಲೇ ಜೀರುಂಡೆ ಕೂಗುತ್ತಿತ್ತು. ಚರ್ಮದ ಓರೆ ಮುಖದ ಎದುರಿಗಿದ್ದವರು ಅವರು. ಅದು ಗೊತ್ತಿದ್ದೂ ಹೊಡೆದೆ. ಅವರ ಜಾಗ ಉಳಿಯಬೇಕಾದರೆ ಬೇರೆ ದಾರಿ ಕಾಣಲಿಲ್ಲ.

ಮದುವೆಮನೆಯವರು ಬಂದು ಈ ಹಾಡು ನುಡಿಸಿ, ಆ ಹಾಡು ನುಡಿಸಿ ಎಂದು ಮಾಸ್ಟರನ್ನೇ ಕೇಳುತ್ತಿದ್ದದ್ದು ದೊಡ್ಡ ತೊಂದರೆ. ಅದಕ್ಕೆ ಜಾಲ್ರಾದವನು ಉಪಾಯ ಹುಡುಕಿದ. "ಮಾಸ್ಟ್ರನ್ನ ಮಾತಾಡಿಸ್ಬೇಡಿ ಸ್ವಾಮಿ. ಬ್ಯಾಂಡಿನ ದಿನ ಅವರದ್ದು ಮೌನವ್ರತ."

"ಸಾಹೇಬ್ರಿಗೂ ಮೌನವ್ರತ ಇರುತ್ತಾ?"

"ಮಿಲಿಟರಿಯವ್ರು ಸ್ವಾಮಿ. ಅವರ ವ್ರತಾನೇ ಬೇರೆ."

ಒಂದು ಕಡೆ ಹೆಣ್ಣಿನ ಅಜ್ಜಿ ಇದನ್ನು ಕೇಳಿ ಭಕ್ತಿಯಿಂದ ಬೆಳ್ಳಿ ತಟ್ಟೆಯಲ್ಲಿ ಹಾಲು, ಬಾಳೆಹಣ್ಣು ತಂದಿಟ್ಟು ಕೈಮುಗಿದರು. ಮಾಸ್ಟರಿಗೆ ಏನೊಂದೂ ತಿಳಿಯಲಿಲ್ಲ. ನಮ್ಮ ಕಡೆ ನೋಡಿದರು. ನಾವು ಗಂಭೀರವಾಗಿ ತಲೆಯಾಡಿಸಿದೆವು. ಹಾಲು ಕುಡಿದು, ಎದ್ದು ನಿಂತು, ಅಜ್ಜಿಗೆ ಸೆಲ್ಯೂಟ್ ಹೊಡೆದರು.

ಆ ದಿವಸ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮುಂದಿನ ಮದುವೆ ಯಲಹಂಕದ ಆಚೆಯ ಹಳ್ಳಿಯದು.

ಗಂಡಿನ ದಿಬ್ಬಣ ರೈಲು ಹಳಿ ದಾಟಿ ಹೆಣ್ಣಿನ ಊರಿಗೆ ಹೋಗಬೇಕಿತ್ತು. ಹಳಿಯ ಹತ್ತಿರ ಗೇಟಿರಲಿಲ್ಲ, ಕಾವಲಿನವನೂ ಇರಲಿಲ್ಲ. ಬಂಡಿಜಾಡು ಏರಿಯ ಮೇಲೆ ಹತ್ತಿ ಆ ಕಡೆ ಇಳಿಯುತ್ತಿತ್ತು. ಜಾಡು ಇಕ್ಕಟ್ಟಾಗಿದ್ದರಿಂದ ಒಬ್ಬರ ಹಿಂದೊಬ್ಬರು. ಮಾಸ್ಟರು, ನಾನು, ಆಮೇಲೆ ಮಿಕ್ಕವರು, ಕೊನೆಗೆ ಕುದುರೆ, ಜನ. ಇಳಿಬಿಸಿಲು ಎದುರಿಗಿತ್ತು. ಎಡಗಡೆ ನೀಲಗಿರಿ ತೋಪು ಹಳಿಯ ತಿರುವನ್ನು ಮುಚ್ಚಿತ್ತು.

ಈಗ ನಾನು ನೋಡಿದ್ದನ್ನು ಹೇಳುತ್ತೇನೆ. ಮಾಸ್ಟರ ಟೋಪಿಯ ಎಡಕ್ಕೆ, ನೀಲಗಿರಿಯ ತುದಿಗಳ ಮೇಲೆ, ಬಿಳಿ ಹೊಗೆ ಕಂಡಿತು. ಯಾರೋ ಕಸ ಸುಡುತ್ತಿದ್ದಾರೆಂದುಕೊಂಡೆ. ಮತ್ತೆ ನೋಡಿದಾಗ ಹೊಗೆ ಜಾಗ ಬದಲಿಸಿತ್ತು. ಹಳಿಯ ಆಚೆ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ನಿಂತು, ಒಂದು ಕೈ ಮೇಲೆತ್ತಿ ಬೀಸುತ್ತಿದ್ದಳು. ಮಾಸ್ಟರು ಅವಳಿಗೆ ಉತ್ತರವಾಗಿ ಟ್ರಂಪೆಟ್ಟನ್ನು ಇನ್ನಷ್ಟು ಮೇಲೆತ್ತಿ, ಅವಳಿಗಾಗಿಯೇ ಎಂಬಂತೆ ಒಂದು ಸ್ವರವನ್ನು ಎಳೆದರು. ಬೆನ್ನ ಹಿಂದಿನ ಬೆರಳುಗಳು ಕುಣಿದವು. ಇನ್ನೂ ಗಟ್ಟಿ.

ಎಂಜಿನ್ ಕೂಗಿದ್ದು ನನಗೂ ಕೇಳಲಿಲ್ಲ. ನನ್ನ ಡ್ರಮ್ಮಿನಲ್ಲಿ ಅದು ಮುಚ್ಚಿಹೋಗಿತ್ತು. ಹಿಂದಿನವರಿಗೆ ಕೇಳಿತ್ತು, ಒಂದೊಂದೇ ವಾದ್ಯ ನಿಂತು, ಅವುಗಳ ಜಾಗದಲ್ಲಿ ಕೂಗು ಶುರುವಾದದ್ದು ನನಗೆ ತಿಳಿಯಿತು. "ಮಾಸ್ಟ್ರೇ! ಮಾಸ್ಟ್ರೇ!" ಆ ಕೂಗಿನ ನಡುವೆಯೂ ನನ್ನ ಕೈ ಹೊಡೆಯುತ್ತಲೇ ಇತ್ತು. ಕೈಗೆ ಅಭ್ಯಾಸವಾಗಿತ್ತು. ಅವರ ಕಾಲಿಗೂ.

ಓಡಿಹೋಗಿ ಹಿಡಿಯೋಣವೆಂದರೆ ಎದೆಯ ಮೇಲಿನ ಭಾರದಲ್ಲಿ, ಆ ಏರಿಯಲ್ಲಿ, ಓಡಲಾಗುವುದಿಲ್ಲ. ಪಟ್ಟಿಯ ಕೊಂಡಿ ಬೆನ್ನ ಕಡೆಗಿತ್ತು. ಕೂಗಿದರೆ ಪ್ರಯೋಜನವಿಲ್ಲ. ಎರಡು ಜೋಡಿ ಹಾಕಲು ಕೈ ಎತ್ತಿದೆ. ಎತ್ತಿದಾಗಲೇ ಗೊತ್ತಾಯಿತು, ಅವರು ಸಾಲು ಮುಗಿಸುತ್ತಾರೆ, ತುಟಿ ಒರೆಸಿಕೊಳ್ಳುತ್ತಾರೆ, ಅದೇ ಹೆಜ್ಜೆಯಲ್ಲಿ ಹಳಿ ಹತ್ತುತ್ತಾರೆ. ಆಗ ಹೆಬ್ಬಾಳದ ಎಳನೀರು ನೆನಪಾಯಿತು ಎಂದು ಆಮೇಲೆ ಎಲ್ಲರಿಗೂ ಹೇಳುತ್ತಿದ್ದೆ. ನಿಜವಾಗಿ ನೆನಪಾಯಿತೋ ಇಲ್ಲವೋ ಹೇಳಲಾರೆ. ನನಗೆ ಗೊತ್ತಿರುವುದು ಇಷ್ಟೇ: ಎತ್ತಿದ ಕೈಯನ್ನು ಇಳಿಸಲಿಲ್ಲ. ಉಣ್ಣೆ ಸುತ್ತಿದ ಕೋಲನ್ನು ಗಾಳಿಯಲ್ಲಿ ಹಿಡಿದು ನಿಂತುಬಿಟ್ಟೆ. ಹಾಡಿನ ನಡುವೆ ಪೆಟ್ಟು ಬಿಡುವುದಕ್ಕಿಂತ ದೊಡ್ಡ ಅವಮಾನ ಡ್ರಮ್ಮಿನವನಿಗೆ ಇಲ್ಲ.

ಮಾಸ್ಟರು ನಿಂತರು. ಒಂದು ಕಾಲು ಹಳಿಯ ಪಕ್ಕದ ಜಲ್ಲಿಯ ಮೇಲಿತ್ತು. ಗಿರ್ರನೆ ನನ್ನ ಕಡೆ ತಿರುಗಿದರು. ಮುಖ ಕೆಂಪಾಗಿತ್ತು. "ಕ್ಯಾ ಹುವಾ ರೇ!" ಎಂದದ್ದು ಬಾಯಿಯ ಆಕಾರದಿಂದ ತಿಳಿಯಿತೇ ಹೊರತು ಕೇಳಲಿಲ್ಲ, ಏಕೆಂದರೆ ಅಷ್ಟರಲ್ಲಿ ಅವರ ಬೆನ್ನ ಹಿಂದೆ ಎಂಜಿನ್ ಬಂದಿತ್ತು. ಕಪ್ಪು ಗಾಲಿ, ಉಗಿ, ಆಮೇಲೆ ಗೂಡ್ಸ್ ಡಬ್ಬಿಗಳು, ಒಂದಾದ ಮೇಲೊಂದು. ಟೋಪಿ ಹಾರಿ ನನ್ನ ಡ್ರಮ್ಮಿಗೆ ಬಡಿದು ಕೆಳಗೆ ಬಿತ್ತು. ಅವರು ತಿರುಗಿ ನೋಡಲಿಲ್ಲ. ನಮ್ಮ ಮುಖಗಳನ್ನೇ ನೋಡುತ್ತ, ಕಾಲಡಿಯ ನೆಲ ಅದುರುವುದು ನಿಲ್ಲುವ ತನಕ ಹಾಗೇ ನಿಂತಿದ್ದರು.

ಮೊದಲು ಮಾತಾಡಿದವರೂ ಅವರೇ. ನನ್ನ ಹತ್ತಿರ ಬಂದು, ಬಹಳ ಮೆತ್ತಗೆ, "ಕೂಗಿತಾ?" ಎಂದರು.

"ಇಲ್ರೀ ಮಾಸ್ಟರ್ರೀ" ಎಂದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. "ಕೂಗಿಲ್ರೀ. ಕೂಗೇ ಇಲ್ಲ."

"ಈ ಹುಬ್ಬಳ್ಳಿ ಡ್ರಮ್ಮಲ್ಲಿ ಯಾವನಿಗೆ ತಾನೇ ಏನ್ ಕೇಳ್ಸುತ್ತೆ ಮಾಸ್ಟ್ರೇ!" ಎಂದ ಜಾಲ್ರಾದವನು.

ಗಂಡಿನ ಕಡೆಯ ಹಿರಿಯರೊಬ್ಬರು ಜನವನ್ನು ಸರಿಸಿಕೊಂಡು ಬಂದರು. "ಏ, ಯಾಕ್ ಸುಳ್ ಏಳ್ತೀರಯ್ಯ? ಅಂಗ್ ಬಡ್ಕೊಂತು, ಊರಿಗೆಲ್ಲ ಕೇಳ್ತು! ಎಂಗಸು ಅಲ್ಲಿಂದ ಕೈ ಬೀಸ್ತಾವ್ಳೆ, ಇವ್ನು ಅವ್ಳಿಗೆ ಪೀಪಿ ಊದ್ತಾವ್ನೆ! ಕಿವುಡನ್ನ ಮುಂದ್ಕೆ ಬುಟ್ಕೊಂಡ್ ಬಂದವ್ರೆ, ನಮ್ ಐಕ್ಳೆಲ್ಲ ಇವ್ನ್ ಇಂದೆ ಓಯ್ತಿದ್ವು!"

ಹಿಂದೆ ಯಾರೋ ನಕ್ಕರು. ಹೆದರಿಕೆ ಇಳಿದಾಗ ಬರುವ ನಗು. ಅದು ಒಬ್ಬರಿಂದ ಒಬ್ಬರಿಗೆ ಹತ್ತಿಕೊಂಡಿತು. ಮಾಸ್ಟರಿಗೆ ಅದೂ ಕೇಳಿರಲಾರದು, ಆದರೆ ನಗುವ ಮುಖಗಳು ಕಂಡವು. ಹಿರಿಯರ ಬಾಯಲ್ಲಿ ಬಂದ ಆ ಒಂದು ಶಬ್ದವನ್ನು ಅವರು ತುಟಿಯಿಂದ ಓದಿಕೊಂಡದ್ದು ನನಗೆ ಗೊತ್ತಾಯಿತು.

ಟೋಪಿ ಎತ್ತಿಕೊಂಡು ಧೂಳು ಕೊಡವಿದರು. ಟ್ರಂಪೆಟ್ಟನ್ನು ತುಟಿಗಿಟ್ಟರು. ತುಟಿ ನಿಲ್ಲಲಿಲ್ಲ. ಎರಡನೆಯ ಸಲ ಇಡಲಿಲ್ಲ. ಕ್ಲಾರಿನೆಟ್ಟಿನವನನ್ನು ಕರೆದು, "ನೀನು ಮುಂದೆ ನಡಿ" ಎಂದರು. ಅವನು ಆಗಲ್ಲ ಎಂದು ತಲೆಯಾಡಿಸಿದ. "ಆರ್ಡರ್" ಎಂದರು. ಮದುವೆ ನಿಲ್ಲುವಂತಿರಲಿಲ್ಲ. ಕ್ಲಾರಿನೆಟ್ಟು ಮುಂದೆ, ಹಿಂದೆ ನಾನು. ಮಾಸ್ಟರು ನನ್ನ ಪಕ್ಕದಲ್ಲಿ, ವಾದ್ಯವನ್ನು ಕಂಕುಳಲ್ಲಿ ಇಟ್ಟುಕೊಂಡು, ಒಂದು ಅಂಗೈಯನ್ನು ಡ್ರಮ್ಮಿನ ಮರದ ಬಳೆಯ ಮೇಲೆ ಊರಿಕೊಂಡು ನಡೆದರು. ಪ್ರತಿ ಪೆಟ್ಟಿಗೂ ಆ ಅಂಗೈ ಅದುರುವುದು ನನಗೆ ಕಾಣುತ್ತಿತ್ತು.

ಮಾರನೆಯ ವಾರ ವಿಷಯ ತಿಳಿದ ಮೇಲೂ ಮಾಲೀಕ ಅವರನ್ನು ಸೆಟ್ಟಿನಿಂದ ತೆಗೆಯಲಿಲ್ಲ. "ಹಿಂದಿನ ಸಾಲಲ್ಲಿ ನಿಂತು ಊದಲಿ, ಯಾರು ಬೇಡ ಅಂದ್ರು?" ಎಂದ. ಮಾಸ್ಟರೇ ಬರಲಿಲ್ಲ. ಕೋಟನ್ನು ಒಗೆಸಿ, ಇಸ್ತ್ರಿ ಮಾಡಿಸಿ, ಸೈಕಲ್ ಅಂಗಡಿಗೆ ಕಳಿಸಿಕೊಟ್ಟರು.

ನಾನು ಅವರ ಮನೆಗೆ ಹೋದೆ. ಮಾಸ್ಟರು ಒಳಗೆ ಮಲಗಿದ್ದರು. ಅವರ ಹೆಂಡತಿ ಬಾಗಿಲಲ್ಲೇ ಕೂರಿಸಿ ಚಹಾ ಕೊಟ್ಟರು. "ಡಾಕ್ಟರು ನೋಡಿದ್ರೇನ್ರೀ ಅಮ್ಮಾ?" ಎಂದು ಕೇಳಿದೆ.

"ನೋಡಿದ್ರು. ಇಷ್ಟು ವರ್ಷ ಯಾವ್ ಫ್ಯಾಕ್ಟ್ರೀಲಿ ಇದ್ರಿ ಅಂತ ಕೇಳಿದ್ರು. ಬ್ಯಾಂಡಲ್ಲಿ ಅಂದೆ. ಬಲಗಿವೀಲಿ ಇನ್ನೂ ಸ್ವಲ್ಪ ಇತ್ತು ಅನ್ಸುತ್ತೆ, ಈ ಎರಡು ಮೂರು ವರ್ಷದಲ್ಲಿ ಅದೂ ಹೋಗಿದೆ ಅಂದ್ರು." ಅವರ ದನಿಯಲ್ಲಿ ಆರೋಪವಿರಲಿಲ್ಲ. "ನಿನ್ ಮೇಲೆ ಅವರಿಗೆ ಪ್ರೀತಿ ಬೇಟಾ. ಹುಬ್ಬಳ್ಳಿ ಹೊಡೆದ್ರೆ ಮಾತ್ರ ನನಗೆ ಗೊತ್ತಾಗುತ್ತೆ ಅಂತಿದ್ರು."

ಅವರ ಹಿಂದೆ ನಾನು ನಿಂತದ್ದು ಅಷ್ಟೇ ಕಾಲ. ಚಹಾದ ಲೋಟ ಕೆಳಗಿಟ್ಟು ಎದ್ದುಬಂದೆ. ಒಳಗೆ ಹೋಗಿ ಮುಖ ನೋಡಲಿಲ್ಲ.

ಅವರ ಪ್ರಾಣ ಉಳಿಸಿದವನು ಎಂದು ಸೆಟ್ಟಿನಲ್ಲಿ ನನಗೆ ಸ್ವಲ್ಪ ದಿನ ಮರ್ಯಾದೆಯಿತ್ತು. ಹಳಿಯ ಹತ್ತಿರ ಹೊಡೆಯುವುದನ್ನು ನಿಲ್ಲಿಸಿದ್ದು ಸರಿ ಎಂಬುದರಲ್ಲಿ ನನಗೂ ಅನುಮಾನವಿಲ್ಲ. ಆದರೆ ಅದಕ್ಕೆ ಮೊದಲು ಹೊಡೆದದ್ದೆಲ್ಲ ಇತ್ತಲ್ಲ. ಅವರೇ ಕೇಳಿದ್ದು, ನಾನು ಕೊಟ್ಟದ್ದು. ನಿಲ್ಲಿಸಿದಾಗ ಅವರ ಜಾಗ ಹೋಯಿತು, ಹೊಡೆದಾಗ ಕಿವಿ ಹೋಯಿತು. ಇದನ್ನು ಯಾರಿಗಾದರೂ ಹೇಳಲು ಹೋದರೆ ಅವರು ನನ್ನನ್ನು ಸಮಾಧಾನ ಮಾಡುತ್ತಿದ್ದರು, ಆದ್ದರಿಂದ ಹೇಳುವುದನ್ನು ಬಿಟ್ಟೆ.

ಹೊಸ ಮಾಸ್ಟರು, ಅಂದರೆ ಕ್ಲಾರಿನೆಟ್ಟಿನವನು, ನನ್ನನ್ನು ಕೊನೆಯ ಸಾಲಿಗೆ ಹಾಕಿದ. ಪಟ್ಟಿಯನ್ನು ಸರಿಮಾಡಿಸಿದ, ಚರ್ಮಗಳು ಎಲ್ಲ ಸೆಟ್ಟಿನ ಹಾಗೆ ಎಡಕ್ಕೂ ಬಲಕ್ಕೂ ತಿರುಗಿದವು. ಸೊಂಟನೋವು ಹೋಯಿತು. ನಾನು ಕೋಲಿನ ತಲೆಗೆ ಹಳೆಯ ಕಂಬಳಿಯ ಇನ್ನೊಂದು ಪದರ ಸುತ್ತಿದೆ. ಪೆಟ್ಟು ಮೆತ್ತಗಾಯಿತು. "ಏನಯ್ಯಾ, ಡ್ರಮ್ಮು ಹೊಡೀತಿದ್ದೀಯೋ ದಿಂಬು ತಟ್ತಿದ್ದೀಯೋ?" ಎಂದು ಮಾಲೀಕ ಕೇಳಿದ. ಜಾಲ್ರಾದವನು ನಗಿಸಲು ನೋಡಿದ: "ಬಿಡಿ ಯಜಮಾನ್ರೇ, ಹುಬ್ಬಳ್ಳಿ ಈಗ ಜೋಗುಳದ ಸ್ಪೆಷಲಿಸ್ಟು." ನಾನು ಕಂಬಳಿ ಬಿಚ್ಚಲಿಲ್ಲ.

ಮುಂದಿನ ಮಾಘದಲ್ಲಿ ಯಶವಂತಪುರದ ಮಾರ್ಕೆಟ್ಟಿನ ಬೀದಿಯಲ್ಲೇ ಒಂದು ದಿಬ್ಬಣ. ಸಂಜೆ, ಅಂಗಡಿಗಳೆಲ್ಲ ತೆರೆದಿದ್ದವು, ಜನ ಎರಡೂ ಕಡೆ ನಿಂತು ನೋಡುತ್ತಿದ್ದರು. ಬಲಗಡೆ ಒಂದು ಬಟ್ಟೆ ಅಂಗಡಿಯ ಕಟ್ಟೆಯ ಪಕ್ಕ ಬಿಳಿ ಜುಬ್ಬದ ಬೆನ್ನೊಂದು ಕಂಡಿತು. ಎಲ್ಲರೂ ನಮ್ಮ ಕಡೆ ಮುಖ ಮಾಡಿದ್ದರೆ ಆ ಒಬ್ಬರು ಮಾತ್ರ ಬೀದಿಗೆ ಬೆನ್ನು ಹಾಕಿ ನಿಂತಿದ್ದರು. ನೆಟ್ಟಗಿನ ಬೆನ್ನು. ಅಷ್ಟು ವರ್ಷ ನೋಡಿದ ಬೆನ್ನು ನನಗೆ ಮರೆಯುವಂತಿರಲಿಲ್ಲ. ನಮ್ಮನ್ನು ನೋಡಲೂ ಮನಸ್ಸಿಲ್ಲದೆ ತಿರುಗಿ ನಿಂತಿದ್ದಾರೆ ಎಂದುಕೊಂಡೆ. ಅದು ನ್ಯಾಯವೇ ಅನಿಸಿತು. ತಲೆ ತಗ್ಗಿಸಿ, ಪೆಟ್ಟನ್ನು ಇನ್ನಷ್ಟು ಮೆತ್ತಗೆ ಮಾಡಿ, ಬೇಗ ದಾಟಿಬಿಡಲು ನೋಡಿದೆ.

ಅವರ ಸಮಕ್ಕೆ ಬಂದಾಗ ಡ್ರಮ್ಮಿನ ಬಲಗಡೆಯ ಚರ್ಮ ನೇರವಾಗಿ ಅವರ ಬೆನ್ನಿಗೆ ಎದುರಾಯಿತು. ಆಗ ಕಂಡಿತು. ಅವರ ಚಪ್ಪಲಿಯ ತುದಿ ಏಳುತ್ತ ಬೀಳುತ್ತ ಇತ್ತು, ಆದರೆ ತಾಳ ಸಿಗದೆ ತಡವರಿಸುತ್ತಿತ್ತು. ಬೆನ್ನ ಹಿಂದೆ ಇಟ್ಟುಕೊಂಡಿದ್ದ ಎಡಗೈಯ ಬೆರಳುಗಳು ಮೇಲಕ್ಕೆ ಕುಣಿದವು. ಸ್ವಲ್ಪ ತಡೆದು, ಮತ್ತೆ ಕುಣಿದವು.

ನಡೆಯುತ್ತಲೇ ಕೋಲಿನ ತಲೆಯ ಕಂಬಳಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದೆ. ಅದು ಬಿಚ್ಚಿಕೊಂಡು ಬೀದಿಯಲ್ಲಿ ಬಿತ್ತು. ಮುಂದಿನಿಂದ ಹೊಸ ಮಾಸ್ಟರು ತಿರುಗಿ, ಮೆತ್ತಗೆ, ಮೆತ್ತಗೆ ಎಂದು ಕೈ ತಗ್ಗಿಸಿ ತೋರಿಸಿದ. ನಾನು ಕೈ ಎತ್ತಿದೆ, ಆ ಬೆನ್ನಿಗೆ ಹೊಡೆದೆ. ಚಪ್ಪಲಿಯ ತುದಿ ತಾಳ ಹಿಡಿಯಿತು.